ಲೇಸರ್ ಹಿಡಿದ ಪ್ರಾಧ್ಯಾಪಕರು

ಚರ್ಮವೈದ್ಯರ ಬಗ್ಗೆ ನಮ್ಮಲ್ಲಿ ಒಂದು ತೀರ್ಪು ಬಹುಕಾಲದಿಂದ ಚಾಲ್ತಿಯಲ್ಲಿದೆ. ಕುಷ್ಠ, ಕಜ್ಜಿ, ಹುಳುಕಡ್ಡಿ, ತೊನ್ನು ನೋಡುವವರು ನಿಜವಾದ ವೈದ್ಯರು. ಲೇಸರ್ ಹಿಡಿದು ಮುಖದ ಕಲೆ ತೆಗೆಯುವವರು, ಬೇಡದ ಕೂದಲು ಸುಡುವವರು ಪದವಿ ಇಟ್ಟುಕೊಂಡ ವ್ಯಾಪಾರಿಗಳು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ಪ್ರಾಧ್ಯಾಪಕರೊಬ್ಬರು ನಡುವಯಸ್ಸಿನಲ್ಲಿ ಲೇಸರ್ ಕಡೆ ಹೊರಳಿದರೆ ಅವರ ವೃತ್ತಿಜೀವನವನ್ನು ಎರಡು ತುಂಡು ಮಾಡಿ ಹೇಳುವುದು ವಾಡಿಕೆ: ಮೊದಲರ್ಧ ವಿದ್ಯೆ, ಉಳಿದರ್ಧ ಸಂಪಾದನೆ. ಈ ಮಾತನ್ನು ರೋಗಿಗಳಿಗಿಂತ ಹೆಚ್ಚಾಗಿ ವೈದ್ಯರೇ ಆಡುತ್ತಾರೆ. ಫಿಸಿಷಿಯನ್‌ಗಳು, ಸರ್ಜನ್‌ಗಳು ಆಡುತ್ತಾರೆ. ಹಳೆಯ ತಲೆಮಾರಿನ ಚರ್ಮತಜ್ಞರೂ ಆಡುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಸೌಂದರ್ಯ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಸುಲಿಗೆ ನನಗೆ ಗೊತ್ತಿಲ್ಲವೆಂದಲ್ಲ. ಅದರ ಬಗ್ಗೆ ಮುಂದೆ ಕಟುವಾಗಿಯೇ ಬರೆಯಲಿದ್ದೇನೆ. ಆದರೆ ಈ ತೀರ್ಪು ತಪ್ಪನ್ನು ತಪ್ಪಿಲ್ಲದ ಕಡೆ ಹುಡುಕುತ್ತಿದೆ. ಕಂದು ಚರ್ಮದ ಮೇಲೆ ಲೇಸರ್ ಬಿಡುವುದು ಚರ್ಮಶಾಸ್ತ್ರದ ಪಾಂಡಿತ್ಯಕ್ಕೆ ಒಡ್ಡುವ ಅತಿ ಕಠಿಣ ಪರೀಕ್ಷೆಗಳಲ್ಲೊಂದು. ಆ ಪರೀಕ್ಷೆ ಬೋಧನಾ ಆಸ್ಪತ್ರೆಯಿಂದ ಹೊರಗೆ ಹೋದದ್ದರಿಂದ ಹಾನಿಯಾಗಿದೆ. ಪ್ರಾಧ್ಯಾಪಕರು ಅದನ್ನು ಕೈಗೆತ್ತಿಕೊಂಡದ್ದರಿಂದಲ್ಲ. ಬೆಂಗಳೂರಿನ ಇಂದಿರಾನಗರ, ಜಯನಗರಗಳನ್ನು ಬಿಟ್ಟು ಕೊಡಗನ್ನು ಮುಂದಿಟ್ಟುಕೊಂಡು ಈ ವಾದ ಹೂಡುವುದಕ್ಕೆ ಕಾರಣವಿದೆ.

ಕೊಡಗಿನ ವಿಷಯದಲ್ಲಿ ಈ ತೀರ್ಪಿಗೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ. ಕೊಡಗಿನವರ ಚರ್ಮವೇ ಚೆಂದ, ತಂಪು ಹವೆ, ಜೇನು, ಕಿತ್ತಳೆ, ಅವರಿಗೆ ಲೇಸರ್ ಏಕೆ? ಈ ನಂಬಿಕೆಗೆ ವಯಸ್ಸಾಗಿದೆ. 1870ರಲ್ಲಿ ಬಂದ ರಿಕ್ಟರ್ ಪಾದ್ರಿಯ ‘ಮ್ಯಾನುಯಲ್ ಆಫ್ ಕೂರ್ಗ್’ ಕಾಲದಿಂದಲೂ ಈ ನಾಡಿನ ಜನರನ್ನು ಮೈಕಟ್ಟು, ಮೈಬಣ್ಣಗಳಿಂದ ಅಳೆದು ಬರೆಯುವ ಪರಿಪಾಠ ನಡೆದುಬಂದಿದೆ. ಆಮೇಲೆ ಪ್ರವಾಸೋದ್ಯಮದ ಚಿತ್ರಗಳೂ ಸಿನಿಮಾವೂ ಅದನ್ನು ಮುಂದುವರಿಸಿದವು. ವಿರಾಜಪೇಟೆಯಿಂದ ಹೋದ ರಶ್ಮಿಕಾ ಮಂದಣ್ಣ ದೇಶದ ತಾರೆಯಾದ ಮೇಲೆ ‘ಕೂರ್ಗ್ ಬ್ಯೂಟಿ’ ಎಂಬ ಮಾತಿಗೆ ಸಾಕ್ಷಿಯೇ ಬೇಡವಾಯಿತು. ಆದರೆ 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519; ಅದರಲ್ಲಿ ಹತ್ತಕ್ಕೊಬ್ಬರಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಯರವರು, ಜೇನುಕುರುಬರು, ತಮಿಳು ಮಲಯಾಳಂ ಮಾತಾಡುವ ತೋಟದ ಕೆಲಸಗಾರರು, ಈಚೆಗೆ ಅಸ್ಸಾಮಿನಿಂದ ಬಂದು ತೋಟಗಳ ಲೈನ್ ಮನೆಗಳಲ್ಲಿರುವವರು, ಇವರೆಲ್ಲರ ಚರ್ಮವೂ ಕೊಡಗಿನ ಚರ್ಮವೇ. ಆ ಹೊಗಳಿಕೆಯಲ್ಲಿ ಇವರಿಗೆ ಜಾಗವಿಲ್ಲ. ಹೊಗಳಿಸಿಕೊಂಡವರಿಗೂ ಅದರಿಂದ ಸುಖವಿಲ್ಲ. ಬೆಳ್ಳಗಿರಲೇಬೇಕಾದ ಮನೆತನದ ಹೆಣ್ಣುಮಗಳಿಗೆ ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಬಂದರೆ, ಅದನ್ನು ಆಕೆ ರೋಗವೆಂದು ತಿಳಿದು ಆಸ್ಪತ್ರೆಗೆ ಹೋಗುವುದಿಲ್ಲ. ತನ್ನ ಕೊರತೆಯೆಂದು ಮುಚ್ಚಿಡುತ್ತಾಳೆ.

ಸಾಮಾನ್ಯ ಅಭಿಪ್ರಾಯ ಮೊದಲು ಎಡವುವುದು ಲೇಸರಿನ ಇತಿಹಾಸದಲ್ಲಿ. 1960ರಲ್ಲಿ ಮೈಮನ್ ಮೊದಲ ಲೇಸರ್ ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಅಮೆರಿಕದ ಸಿನ್ಸಿನಾಟಿಯ ಚರ್ಮತಜ್ಞ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸಿದರು. ಆದರೆ ವಿದ್ಯೆ ಕಣ್ಣುಬಿಟ್ಟದ್ದು 1983ರಲ್ಲಿ. ಬೋಸ್ಟನ್ನಿನ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ತತ್ವವನ್ನು ಮುಂದಿಟ್ಟರು: ಸರಿಯಾದ ತರಂಗಾಂತರವನ್ನು ಆರಿಸಿ, ಗುರಿಯಿಟ್ಟ ಕಣ ತಣಿಯಲು ಬೇಕಾಗುವ ಕಾಲಕ್ಕಿಂತ ಕಡಿಮೆ ಹೊತ್ತು ಬೆಳಕು ಬಿಟ್ಟರೆ, ಆ ಕಣವಷ್ಟೇ ಸುಟ್ಟು ಸುತ್ತಲಿನ ಚರ್ಮ ಉಳಿಯುತ್ತದೆ. ಮೆಲನಿನ್ ತುಂಬಿದ ಸೂಕ್ಷ್ಮಕಣಕ್ಕೆ ಆ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಿಮೆ. ಕೂದಲ ಬುಡಕ್ಕೆ ಹತ್ತಾರು ಮಿಲಿಸೆಕೆಂಡು. ಈ ತತ್ವದಿಂದ ರೂಪುಗೊಂಡ ಮೊದಲ ಉಪಕರಣಗಳಲ್ಲೊಂದು ಪಲ್ಸ್ಡ್ ಡೈ ಲೇಸರ್. ಅದು ಯಾವ ನಟಿಯ ಕೆನ್ನೆಗೂ ಹುಟ್ಟಿದ್ದಲ್ಲ. ಮುಖದ ಮೇಲೆ ಕಡುಗೆಂಪು ಮಚ್ಚೆ ಹೊತ್ತು ಹುಟ್ಟಿದ ಮಕ್ಕಳಿಗಾಗಿ ಹುಟ್ಟಿದ್ದು. ಲೇಸರಿನ ಮೂಲ ಪ್ರಶ್ನೆ ಒಂದು ಮಗುವಿನ ಮುಖವಾಗಿತ್ತು. ಅದನ್ನು ಮರೆತು ಇಡೀ ಕ್ಷೇತ್ರವನ್ನು ಬ್ಯೂಟಿ ಪಾರ್ಲರಿನ ವಿಸ್ತರಣೆಯೆನ್ನುವವರು ವೈದ್ಯಕೀಯದ ಚರಿತ್ರೆಯನ್ನೇ ಓದಿಲ್ಲ.

ಎರಡನೆಯ ತಪ್ಪು ಇನ್ನೂ ಆಳದ್ದು. ಲೇಸರ್ ಎಂದರೆ ಯಂತ್ರ, ಗುಂಡಿ ಒತ್ತುವ ಕೆಲಸ, ಅದರಲ್ಲಿ ಪ್ರಾಧ್ಯಾಪಕರಿಗೇನು ಕೆಲಸ ಎಂಬ ಭಾವನೆ ಇದೆ. ಆ ಯಂತ್ರದ ಪೂರ್ವನಿಗದಿತ ಸೆಟ್ಟಿಂಗುಗಳು ಯಾರ ಚರ್ಮಕ್ಕೆ ಬರೆದವು ಎಂದು ಕೇಳಿದರೆ ಪ್ರಾಧ್ಯಾಪಕರ ಕೆಲಸ ಗೊತ್ತಾಗುತ್ತದೆ. ಚರ್ಮದ ಬಣ್ಣವನ್ನು ವರ್ಗೀಕರಿಸಲು ಇಂದಿಗೂ ಬಳಸುವ ಅಳತೆ 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ್ದು. ಅದು ಬಿಳಿಯರ ಚರ್ಮ ಬಿಸಿಲಿಗೆ ಎಷ್ಟು ಕೆಂಪಾಗುತ್ತದೆ, ಎಷ್ಟು ಕಂದಾಗುತ್ತದೆ ಎಂಬುದರ ಲೆಕ್ಕ. ಕಂದು, ಕಪ್ಪು ಚರ್ಮಗಳಿಗೆಂದು ಐದನೆಯ, ಆರನೆಯ ವರ್ಗಗಳನ್ನು ಆಮೇಲೆ ಸೇರಿಸಿದರು. ಭಾರತೀಯರಲ್ಲಿ ಬಹುಮಂದಿ ನಾಲ್ಕು, ಐದನೆಯ ವರ್ಗದವರು. ನಮ್ಮ ಮೇಲ್ಪದರದಲ್ಲಿ ಮೆಲನಿನ್ ಹೆಚ್ಚು. ಕೂದಲ ಬುಡಕ್ಕೆಂದು ಬಿಟ್ಟ ಬೆಳಕನ್ನು ದಾರಿಯಲ್ಲೇ ಅದು ಹೀರಿಕೊಳ್ಳುತ್ತದೆ. ಬಿಳಿಯರ ಮೇಲೆ ಸಲೀಸಾಗಿ ಕೆಲಸ ಮಾಡುವ 694 ನ್ಯಾನೋಮೀಟರಿನ ರೂಬಿ, 755ರ ಅಲೆಕ್ಸಾಂಡ್ರೈಟ್ ಲೇಸರುಗಳು ನಮ್ಮವರ ಮೇಲೆ ಬೊಬ್ಬೆ ಎಬ್ಬಿಸುವ ಅಪಾಯ ಹೆಚ್ಚು. 1064ರ ಎನ್‌ಡಿ ಯಾಗ್ ಮೆಲನಿನ್ನನ್ನು ಅಷ್ಟಾಗಿ ತಟ್ಟದೆ ಆಳಕ್ಕಿಳಿಯುತ್ತದೆ. ಇಷ್ಟಾದರೂ ಮುಗಿಯುವುದಿಲ್ಲ. ಗಾಯ, ಉರಿ, ಗುಳ್ಳೆ ಏನೇ ಆದರೂ ವಾಸಿಯಾದ ಮೇಲೆ ಅಲ್ಲಿ ಕಪ್ಪು ಉಳಿಸಿಕೊಳ್ಳುವುದು ನಮ್ಮ ಚರ್ಮದ ಗುಣ. ಕಲೆ ತೆಗೆಯಲು ಹೋಗಿ ಇನ್ನೂ ದೊಡ್ಡ ಕಲೆ ಬರೆಯುವ ಸಾಧ್ಯತೆ ಪ್ರತಿ ಸಿಟ್ಟಿಂಗಿನಲ್ಲೂ ಇದೆ. ಆಮದಾದ ಯಂತ್ರದ ಕೈಪಿಡಿಯನ್ನು ಪಕ್ಕಕ್ಕಿಟ್ಟು ಎದುರಿಗೆ ಕುಳಿತವರ ಚರ್ಮವನ್ನೇ ಓದಬೇಕಾದ ಕೆಲಸ ಇದು. ಪಾಂಡಿತ್ಯ ಬೇಕಾಗುವುದು ಇಲ್ಲಿ.

ಕರ್ನಾಟಕದಲ್ಲಿ ಈ ಕೆಲಸವನ್ನು ಪಾಂಡಿತ್ಯವಾಗಿಯೇ ಮಾಡಿದವರಿದ್ದಾರೆ. ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಅವರ ವೃತ್ತಿಜೀವನವನ್ನು ನೋಡಿ. ಸ್ವಂತ ಚರ್ಮಕೇಂದ್ರ ಕಟ್ಟಿದವರು ಎಂಬಷ್ಟೇ ಆಧಾರದ ಮೇಲೆ ಅವರನ್ನು ಮೇಲಿನ ‘ಉಳಿದರ್ಧ’ದ ಖಾತೆಗೆ ಹಾಕುವುದು ಸುಲಭ. ಆದರೆ 1973ರಲ್ಲಿ ಎರಡು ಸಂಘಗಳು ಕೂಡಿ ಹುಟ್ಟಿದ ಚರ್ಮತಜ್ಞರ ರಾಷ್ಟ್ರೀಯ ಸಂಘ ಐಎಡಿವಿಎಲ್ ಚರ್ಮಶಸ್ತ್ರಚಿಕಿತ್ಸೆಗೆಂದು ರಚಿಸಿದ ಕಾರ್ಯಪಡೆಗೆ ಅವರೇ ಸಂಚಾಲಕರಾಗಿದ್ದರು. ಆ ಕಾರ್ಯಪಡೆ 2008ರಿಂದ ಮಾರ್ಗದರ್ಶಿಗಳನ್ನು ಒಂದೊಂದಾಗಿ ಪ್ರಕಟಿಸಿತು: ಲೇಸರಿನಿಂದ ಕೂದಲು ಕಡಿಮೆ ಮಾಡುವುದಕ್ಕೆ, ತೊನ್ನಿನ ಶಸ್ತ್ರಚಿಕಿತ್ಸೆಗೆ, ಹೀಗೆ. ಹಚ್ಚೆ ಮತ್ತು ಕಪ್ಪು ಮಚ್ಚೆಗಳ ಲೇಸರ್ ಕುರಿತದ್ದನ್ನು 2009ರಲ್ಲಿ ಹೈದರಾಬಾದಿನ ಸಂಜೀವ್ ಔರಂಗಾಬಾದ್‌ಕರ್ ಅವರೊಂದಿಗೆ ವೆಂಕಟರಾಮ್ ತಾವೇ ಬರೆದರು. ಬೆಂಗಳೂರಿನ ಕೃಪಾಶಂಕರ್ ಮತ್ತು ಸಂಗಡಿಗರು ಕಾರ್ಬನ್ ಡೈಆಕ್ಸೈಡ್ ಲೇಸರಿನ ಮಾರ್ಗದರ್ಶಿ ಬರೆದರು. 2012ರಲ್ಲಿ ವೆಂಕಟರಾಮ್ ಸಂಪಾದಿಸಿದ ಚರ್ಮ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಯ ಬೃಹತ್ ಪಠ್ಯಪುಸ್ತಕ ಬಂತು.

ಈ ಮಾರ್ಗದರ್ಶಿಗಳನ್ನು ಓದಿದವರು ಅವನ್ನು ಜಾಹೀರಾತಿನ ಸಾಹಿತ್ಯವೆನ್ನಲಾರರು. ಈ ಚಿಕಿತ್ಸೆ ಮಾಡಲು ಯಾರಿಗೆ ಅರ್ಹತೆ, ಎಂಥ ತರಬೇತಿ, ಎಂಥ ಕೋಣೆ, ಒಪ್ಪಿಗೆ ಪತ್ರದಲ್ಲಿ ಏನಿರಬೇಕು, ಯಾರಿಗೆ ಮಾಡಬಾರದು ಎಂದು ಬಿಡಿಬಿಡಿಯಾಗಿ ಹೇಳುವ ಬರಹಗಳಿವು. ನಿರ್ಬಂಧದ ಬರಹಗಳು. ವ್ಯಾಪಾರಿ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವ ನಿಯಮ ಬರೆಯಲು ಕೂರುವುದಿಲ್ಲ. ಬೋಧನೆಯಲ್ಲಿದ್ದವರನ್ನೂ ನೋಡಿ: ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ಸಚ್ಚಿದಾನಂದ್ ಐಎಡಿವಿಎಲ್ ಪಠ್ಯಪುಸ್ತಕದ ಸಂಪಾದಕರಲ್ಲೊಬ್ಬರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಯೂ ಆದವರು. ದೆಹಲಿಯ ಸರ್ಕಾರಿ ಆಸ್ಪತ್ರೆಯ ಕಬೀರ್ ಸರ್ದಾನಾ 2014ರಲ್ಲಿ ಲೇಸರ್ ಬಗ್ಗೆಯೇ ಪಠ್ಯಗ್ರಂಥ ತಂದರು. ಚರ್ಮಶಾಸ್ತ್ರ ಪಾಂಡಿತ್ಯದ ಹೊರಸಾಲಿನಲ್ಲಿ ಕೂತ ವಿಷಯವಲ್ಲ, ಲೇಸರ್ ಆ ಶಾಸ್ತ್ರದ ಹೊರಗಿನದೂ ಅಲ್ಲ.

ಇಷ್ಟು ಹೇಳಿದ ಮೇಲೆ ಈ ಕ್ಷೇತ್ರದೊಡನೆ ನನ್ನ ಜಗಳಕ್ಕೆ ಬರುತ್ತೇನೆ. ಮೊದಲ ಆಕ್ಷೇಪ ಫೋಟೊಗಳ ಬಗ್ಗೆ. ‘ಮೊದಲು’ ಮತ್ತು ‘ನಂತರ’ ಎಂಬ ಜೋಡಿಚಿತ್ರ ಸೌಂದರ್ಯ ಚಿಕಿತ್ಸೆಯ ಅಧಿಕೃತ ಪ್ರಕಾರವಾಗಿಬಿಟ್ಟಿದೆ. ಸಮ್ಮೇಳನದ ವೇದಿಕೆಯಲ್ಲೂ ಅದೇ, ಕ್ಲಿನಿಕ್ಕಿನ ಗೋಡೆಯ ಮೇಲೂ ಅದೇ. ವಿಮರ್ಶಕನಾಗಿ ಆ ಜೋಡಿಯನ್ನು ನೋಡುವಾಗ ನಾನು ಮೊದಲು ನೋಡುವುದು ಬೆಳಕು ಎಲ್ಲಿಂದ ಬಿದ್ದಿದೆ ಎಂದು. ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಮೊಡವೆಯ ಹಳ್ಳಗಳು ಆಳವಾಗುತ್ತವೆ, ಎದುರಿನ ಬೆಳಕಿನಲ್ಲಿ ತುಂಬಿಕೊಳ್ಳುತ್ತವೆ. ಬೆಳಕು ಪ್ರಾಮಾಣಿಕವಾಗಿದ್ದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ: ಮೂರನೆಯ ಫೋಟೊ ಇಲ್ಲ. ಒಂದು ವರ್ಷದ ನಂತರದ್ದು. ಬಂಗಿನ ವಿಷಯದಲ್ಲಿ ಆ ಮೂರನೆಯ ಫೋಟೊ ಇಲ್ಲದ ಜೋಡಿಗೆ ಬೆಲೆಯೇ ಇಲ್ಲ, ಏಕೆಂದರೆ ಬಂಗು ಮರಳಿ ಬರುತ್ತದೆ. ಬಿಸಿಲು, ಕಣ್ಣಿಗೆ ಕಾಣುವ ಬೆಳಕು, ಹಾರ್ಮೋನು, ವಂಶದ ಗುಣ, ಎಲ್ಲವೂ ಕೂಡಿ ಬರುವ ಕಾಯಿಲೆಯನ್ನು ಬೆಳಕಿನ ಹೊಡೆತವೊಂದೇ ಓಡಿಸುವುದಿಲ್ಲ. 1975ರಲ್ಲಿ ಕ್ಲಿಗ್ಮನ್ ಕೊಟ್ಟ ಮೂರು ಔಷಧಗಳ ಮಿಶ್ರಣದ ಪರಂಪರೆ ಮತ್ತು ದಿನವೂ ತಪ್ಪದ ಸನ್‌ಸ್ಕ್ರೀನ್ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು. ಹೀಗಿರುವಾಗ ಕಡಿಮೆ ಶಕ್ತಿಯ ಲೇಸರನ್ನು ವಾರವಾರ ಬಿಡುವ ‘ಟೋನಿಂಗ್’ ಪ್ಯಾಕೇಜುಗಳನ್ನು ಮಾರುವವರ ಬಗ್ಗೆ ನನಗೆ ಸಹಾನುಭೂತಿಯಿಲ್ಲ. ಅದನ್ನು ಅತಿಯಾಗಿ ಮಾಡಿದರೆ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬಿಳುಪು ಬೀಳಬಹುದೆಂಬುದು ದಾಖಲಾದ ತೊಡಕು. ತೊನ್ನೆಂದರೆ ಮದುವೆ ಮುರಿಯುವ ಸಮಾಜದಲ್ಲಿ ಕೆನ್ನೆಯ ಮೇಲೆ ಬಿಳಿ ಚುಕ್ಕೆ ಮೂಡಿಸುವುದು ಸಣ್ಣ ತೊಡಕಲ್ಲ.

ಎರಡನೆಯದು ಗ್ಲುಟಾಥಯೋನ್. ಬೆಳ್ಳಗಾಗಲು ಇದನ್ನು ರಕ್ತನಾಳಕ್ಕೆ ಚುಚ್ಚುವ ಚಟುವಟಿಕೆ ನಗರದ ಕ್ಲಿನಿಕ್ಕುಗಳಲ್ಲಿ ರಾಜಾರೋಷವಾಗಿ ನಡೆಯುತ್ತಿದೆ. 2016ರಲ್ಲಿ ಸಿದ್ಧಾರ್ಥ ಸೊಂಥಾಲಿಯಾ ಮತ್ತು ಸಂಗಡಿಗರು ಚರ್ಮತಜ್ಞರ ಸಂಘದ್ದೇ ಪತ್ರಿಕೆಯಲ್ಲಿ ಇದರ ಪುರಾವೆಗಳನ್ನು ಜಾಲಾಡಿ ನೋಡಿದ್ದಾರೆ. ಚುಚ್ಚುವ ಪದ್ಧತಿಗೆ ಆಧಾರ ತೀರ ತೆಳುವಾದದ್ದು. ಅದನ್ನು ಓದಿಯೂ ಚುಚ್ಚುವ ಪದವೀಧರರಿದ್ದಾರೆ. ಇವರನ್ನು ಮಾರ್ಗದರ್ಶಿ ಬರೆದವರ ಜೊತೆ ಒಂದೇ ಕಟ್ಟಿಗೆ ಹಾಕುವುದು ಅನ್ಯಾಯ. ಆದರೆ ಮಾರ್ಗದರ್ಶಿ ಬರೆದ ತಲೆಮಾರು ತನ್ನ ಸಭೆಗಳಲ್ಲಿ ಇಂಥವರನ್ನು ಹೆಸರು ಹಿಡಿದು ಪ್ರಶ್ನಿಸಲಿಲ್ಲವಲ್ಲ, ಆ ಮೌನವನ್ನು ನಾನು ಕ್ಷಮಿಸಲಾರೆ. ಬಣ್ಣವನ್ನು ಬದಲಿಸುವುದು ಬೇರೆ, ರೋಗವನ್ನು ವಾಸಿಮಾಡುವುದು ಬೇರೆ ಎಂಬ ಗೆರೆಯನ್ನು ಎಳೆಯಬೇಕಾದವರು ಅವರೇ ಆಗಿದ್ದರು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಕ್ಲಿನಿಕ್ಕುಗಳ ಫಲಕಗಳೂ ಅದೇ ದಾರಿ ಹಿಡಿದವು: ‘ಫೇರ್‌ನೆಸ್’ ಹೋಗಿ ‘ಗ್ಲೋ’ ಬಂತು, ಮಾರುವ ಸರಕು ಬದಲಾಗಲಿಲ್ಲ.

ಮೂರನೆಯದು ರಚನೆಯ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕಂದು ಚರ್ಮದ ಲೇಸರ್ ಜ್ಞಾನ ಬಹುಪಾಲು ಖಾಸಗಿ ಕೇಂದ್ರಗಳಲ್ಲಿ ಬೆಳೆಯಿತು. ಕಲಿಯಬೇಕೆಂದವರು ಅಲ್ಲಿಗೇ ಫೆಲೋಶಿಪ್ಪಿಗೆ ಹೋಗುತ್ತಾರೆ. ಚಿಕಿತ್ಸೆಗೆ ಹಣ ಕೊಡಬಲ್ಲವರ ಚರ್ಮದ ಮೇಲೆ ಬೆಳೆದ ಜ್ಞಾನ ಅದು. ಹಣ ಕೊಡಲಾಗದವರ ಚರ್ಮ ಹೇಗೆ ವರ್ತಿಸುತ್ತದೆ ಎಂಬುದು ಅದರಲ್ಲಿ ವಿರಳ. ಬಿಸಿಲಿಗೆ ಹೋಗಬೇಡಿ ಎಂದು ಹೇಳಿ ಕಳಿಸಿದರೆ ಐಟಿ ಕಂಪನಿಯ ಉದ್ಯೋಗಿ ಹೋಗದೆ ಇರಬಹುದು. ಸಿದ್ದಾಪುರದ ತೋಟದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಯುವ ಹೆಂಗಸು ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಆಕೆಗೆ ಲೇಸರ್ ಯಾವ ತಿಂಗಳಲ್ಲಿ ಶುರುಮಾಡಬೇಕು, ಎರಡು ಸಿಟ್ಟಿಂಗಿನ ನಡುವೆ ಎಷ್ಟು ಬಿಡುವು ಬೇಕು, ಕಣದಲ್ಲಿ ಕಾಫಿ ಒಣಗಿಸುವ ದಿನಗಳಲ್ಲಿ ಏನು ಮಾಡಬೇಕು? ಜೂನ್‌ನಿಂದ ಸೆಪ್ಟೆಂಬರಿನ ಮೋಡಗವಿದ ತಿಂಗಳುಗಳು ಕೊಡಗಿಗೆ ಅನುಕೂಲವಾಗಬಹುದೇ, ಅಥವಾ ಮೋಡ ದಾಟಿ ಬರುವ ಅತಿನೇರಳೆ ಕಿರಣಗಳೇ ಸಾಕೇ ಕೆಡಿಸಲು? ಈ ಪ್ರಶ್ನೆಗಳಿಗೆ ಉತ್ತರ ಬೆಂಗಳೂರಿನ ಏಸಿ ಕೋಣೆಯಲ್ಲಿ ಸಿಗುವುದಿಲ್ಲ. ಕೇಳಲು ತೋಟದ ನಾಡಿನ ಆಸ್ಪತ್ರೆಯೇ ಬೇಕು.

ಇಲ್ಲಿ ಗಟ್ಟಿಯಾದ ಪ್ರತಿವಾದವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ತೆರೆದದ್ದು 2016ರಲ್ಲಿ, 150 ಎಂಬಿಬಿಎಸ್ ಸೀಟುಗಳೊಂದಿಗೆ. ಅದಕ್ಕೂ ಮುಂಚೆ ಗಂಭೀರ ಕಾಯಿಲೆಯೆಂದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ, ಇಲ್ಲವೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಇಂಥ ಜಿಲ್ಲೆಯಲ್ಲಿ ಸಾರ್ವಜನಿಕರ ದುಡ್ಡನ್ನು ಲಕ್ಷಗಟ್ಟಲೆ ಬೆಲೆಯ ಲೇಸರಿಗೆ ಸುರಿಯುವುದೇ? ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ದಿನ ಕಳೆಯುವವರ ತೊಡೆಸಂದಿಯ ಹುಳುಕಡ್ಡಿ, ಇಂಬಳ ಕಚ್ಚಿದ ಕಡೆ ಕೆರೆದು ಆದ ಹುಣ್ಣು, ಲೈನ್ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವ ಕಜ್ಜಿ, ಇವು ಮೊದಲಲ್ಲವೇ? ಕುಷ್ಠ ಮುಗಿದೇಹೋಯಿತೇ? 2005ರ ಕೊನೆಯಲ್ಲಿ ದೇಶದ ಮಟ್ಟದಲ್ಲಿ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿದ್ದೇವೆಂದು ಘೋಷಿಸಿದೆವು, ಆದರೆ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಭಾರತದ್ದೇ.

ಇವು ಮೊದಲೇ, ಸಂಶಯವಿಲ್ಲ. ಆದರೆ ಈ ಪ್ರತಿವಾದ ಚರ್ಮದ ಅಂದವನ್ನು ಬಿಟ್ಟುಕೊಟ್ಟರೆ ಅದು ತಾನಾಗಿ ಮಾಯವಾಗುತ್ತದೆಂದು ಭಾವಿಸಿದೆ. ಹಾಗಾಗುವುದಿಲ್ಲ. ವೈದ್ಯ ಬಿಟ್ಟದ್ದನ್ನು ಅಂಗಡಿ ಹಿಡಿಯುತ್ತದೆ. 2011ರಲ್ಲಿ ಅಬೀರ್ ಸಾರಸ್ವತ್ ಮತ್ತು ಸಂಗಡಿಗರು ದೇಶದ 12 ಕೇಂದ್ರಗಳಿಂದ ಪ್ರಕಟಿಸಿದ ಅಧ್ಯಯನವನ್ನು ಈ ವಾದದಲ್ಲಿ ಯಾರೂ ನೆನೆಯುವುದಿಲ್ಲ. ಮುಖದ ಚರ್ಮರೋಗವೆಂದು ಬಂದ 2,926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಶೇಕಡ 29 ಮಂದಿ ಅದನ್ನು ಬೆಳ್ಳಗಾಗುವ ಕ್ರೀಮಾಗಿಯೋ ಶೇವಿಂಗ್ ನಂತರದ ಲೇಪವಾಗಿಯೋ ಬಳಸುತ್ತಿದ್ದವರು. ಹೆಚ್ಚಿನವರಿಗೆ ಅದನ್ನು ಹೇಳಿದ್ದು ವೈದ್ಯರಲ್ಲ. ಸಣ್ಣ ಊರುಗಳ ನಿಜವಾದ ಸೌಂದರ್ಯ ಚಿಕಿತ್ಸಾಲಯ ಮೆಡಿಕಲ್ ಶಾಪಿನ ಕೌಂಟರ್. ಚೀಟಿಯಿಲ್ಲದೆ ಕೊಂಡ ಟ್ಯೂಬು ಮೊದಲ ಎರಡು ವಾರ ಮುಖವನ್ನು ನಯವಾಗಿಸುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ತುಂಬುತ್ತದೆ, ಬಿಟ್ಟರೆ ಉರಿ. ಹುಳುಕಡ್ಡಿಗೂ ಇದೇ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅದನ್ನು ವಾಸಿಯಾಗದ ಪಿಡುಗಾಗಿಸಿದ್ದೇವೆ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅದರ ಹಿಂದೆ ಹೋರಾಡಿದವರು ಚರ್ಮತಜ್ಞರೇ. ಅಂದ ಮತ್ತು ರೋಗ ಎಂಬ ಎರಡು ಬೇರೆ ಖಾತೆಗಳಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ: ಬೆಳ್ಳಗಾಗುವ ಆಸೆ ಮತ್ತು ಹುಳುಕಡ್ಡಿ ಒಂದೇ ಟ್ಯೂಬಿನಲ್ಲಿ ಕೂಡಿಕೊಂಡಿವೆ.

ಬೋಧನಾ ಆಸ್ಪತ್ರೆಯ ಲೇಸರಿನ ಮುಂದೆ ಬರುವವರು ಯಾರೆಂದು ಊಹಿಸಿ ನೋಡಿ. ಕಣ್ಣಿನ ಸುತ್ತ ನೀಲಿಗಪ್ಪು ಮಚ್ಚೆ ಹೊತ್ತು ಹುಟ್ಟಿದ ಹುಡುಗಿ. ಓಟನ ಮಚ್ಚೆಯೆನ್ನುವ ಇದು ಕ್ಯೂ-ಸ್ವಿಚ್ಡ್ ಲೇಸರಿಗೆ ಬಹಳ ಚೆನ್ನಾಗಿ ಕರಗುತ್ತದೆ, ಬೇರೆ ಯಾವ ಔಷಧಕ್ಕೂ ಕರಗುವುದಿಲ್ಲ. ಒಲೆಯ ಬೆಂಕಿಗೆ ಸುಟ್ಟು ಮೊಣಕೈ ಸರಿಯಾಗಿ ಮಡಿಸಲಾಗದವರು. ಗಟ್ಟಿಗಟ್ಟಿದ ಆ ಕಲೆಯನ್ನು 2004ರ ಸುಮಾರಿಗೆ ಬಂದ ಫ್ರಾಕ್ಷನಲ್ ಲೇಸರ್ ಸಡಿಲಗೊಳಿಸಬಲ್ಲದು. ತೊನ್ನಿನ ರೋಗಿ, 308 ನ್ಯಾನೋಮೀಟರಿನ ಎಕ್ಸೈಮರ್‌ಗೆ. ಹಾರ್ಮೋನಿನ ಏರುಪೇರಿನಿಂದ ಗದ್ದದ ಮೇಲೆ ಕೂದಲು ಬಂದು ಕಾಲೇಜು ಬಿಟ್ಟ ಹುಡುಗಿ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಿಂದ ಸೈನ್ಯ ಸೇರಿ, ದಿನವೂ ಗಡ್ಡ ಬೋಳಿಸಿ ಕುತ್ತಿಗೆಯ ತುಂಬ ಒಳಸುರುಳಿದ ಕೂದಲಿನ ಗುಳ್ಳೆ ಹೊತ್ತು ರಜೆಗೆ ಬಂದ ಯುವಕ. ಕಾಡುಗೇರಿನ ಸೊನೆ ತಾಗಿ ಮುಖ ಸುಟ್ಟುಕೊಂಡು ಅದರ ಕಪ್ಪು ಉಳಿಸಿಕೊಂಡ ಮರ ಕಡಿಯುವವರು. ಈ ಕೊನೆಯವರಿಗೆ ಲೇಸರ್ ಬೇಡ, ಸ್ವಲ್ಪ ಕಾಯಿರಿ ಎಂದು ಹೇಳುವ ತಜ್ಞರು ಬೇಕು, ಹಾಗೆ ಹೇಳುವುದೂ ಲೇಸರ್ ಬಲ್ಲವರಿಂದಷ್ಟೇ ಸಾಧ್ಯ. ಇವರೆಲ್ಲರಲ್ಲಿ ಯಾರು ಸೌಂದರ್ಯಕ್ಕೆ, ಯಾರು ರೋಗಕ್ಕೆ ಬಂದವರೆಂದು ವಿಂಗಡಿಸುವ ಧೈರ್ಯ ನನಗಿಲ್ಲ.

ಕೊಡಗಿನ ಪರವಾಗಿ ನನ್ನ ಕೊನೆಯ ವಾದ ಇಲ್ಲಿಂದ ಹುಟ್ಟುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಒಪಿಡಿ ಸಾಲಿನಲ್ಲಿ ಫಿಟ್ಜ್‌ಪ್ಯಾಟ್ರಿಕ್‌ನ ಮೂರನೆಯ ವರ್ಗದಿಂದ ಆರನೆಯವರೆಗಿನ ಚರ್ಮಗಳು ಒಟ್ಟಿಗೆ ನಿಂತಿರುತ್ತವೆ. ಒಂದೇ ಮಳೆ, ಒಂದೇ ಎತ್ತರ, ಒಂದೇ ತೋಟದ ಕೆಲಸ. ಬಣ್ಣ ಮಾತ್ರ ಬೇರೆ. ಕಂದು ಚರ್ಮದ ಮೇಲೆ ಬೆಳಕು ಹೇಗೆ ವರ್ತಿಸುತ್ತದೆಂದು ತಿಳಿಯಬಯಸುವ ಪಂಡಿತರಿಗೆ ಇಂಥ ಅನುಕೂಲ ರಾಜ್ಯದಲ್ಲಿ ಬಹಳ ಕಡೆ ಸಿಗದು. ಈ ಜಿಲ್ಲೆಯ ಚರ್ಮವನ್ನು ಹೊಗಳಿದ ಬರಹಗಳು ಒಂದೂವರೆ ಶತಮಾನದಷ್ಟಿವೆ. ಅದನ್ನು ಅಧ್ಯಯನ ಮಾಡಿದ ಬರಹಗಳು ಬೇಕಾಗಿವೆ.

ಪ್ರಾಧ್ಯಾಪಕರು ಉಳಿಯುವುದಿಲ್ಲ, ಬೆಂಗಳೂರಿಗೆ ಹೋಗುತ್ತಾರೆ ಎನ್ನುತ್ತಾರೆ. ಹೋಗುತ್ತಾರೆ. ಸಂಬಳ ಒಂದು ಕಾರಣ. ಇನ್ನೊಂದು, ಇಲ್ಲಿ ಉಳಿದು ಮಾಡುವ ಕೆಲಸಕ್ಕೆ ಬಡ್ತಿಯ ಕಡತದಲ್ಲಿ ಅಂಕಣವೇ ಇಲ್ಲದಿರುವುದು. ಬಡ್ತಿಗೆ ಪ್ರಕಟಿತ ಪ್ರಬಂಧ ಎಣಿಸುತ್ತಾರೆ. ಆದ್ದರಿಂದ ಹನ್ನೆರಡು ವಾರಕ್ಕೆ ಮುಗಿಯುವ ಅಧ್ಯಯನಗಳು ಹೆಚ್ಚುತ್ತವೆ, ಮೂರನೆಯ ಫೋಟೊ ಯಾರಿಗೂ ಬೇಡವಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕೂದಲು ನೆಡುವಂಥ ಸೌಂದರ್ಯ ಶಸ್ತ್ರಚಿಕಿತ್ಸೆಗಳನ್ನು ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತವರು ಮಾಡುವಂತಿಲ್ಲ ಎಂದು ಎಚ್ಚರಿಸಿತು. ಸರಿಯಾದ ಎಚ್ಚರಿಕೆ. ಹಾಗಾದರೆ ಅವರು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಆಯೋಗವೂ ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಯೂ ಉತ್ತರಿಸಬೇಕು. ನನ್ನ ಬೇಡಿಕೆ ಸರಳ: ಲೇಸರ್ ಬೋಧಿಸುವ ಸರ್ಕಾರಿ ಪ್ರಾಧ್ಯಾಪಕರ ಬಡ್ತಿಗೆ ಅವರ ತೊಡಕುಗಳ ದಾಖಲೆಪುಸ್ತಕವನ್ನೂ ಪರಿಗಣಿಸಿ. ಎಷ್ಟು ಮಂದಿಗೆ ಬೊಬ್ಬೆ ಎದ್ದಿತು, ಎಷ್ಟು ಮಂದಿಗೆ ಕಪ್ಪು ಉಳಿಯಿತು, ಎರಡು ವರ್ಷದ ಮೇಲೆ ಮತ್ತೆ ಕರೆಸಿ ನೋಡಿದವರೆಷ್ಟು, ಅವರಲ್ಲಿ ಲೈನ್ ಮನೆಯಿಂದ ಬಂದವರೆಷ್ಟು. ಈ ನಾಲ್ಕು ಸಾಲುಗಳನ್ನು ಹತ್ತು ವರ್ಷ ತಪ್ಪದೆ ತುಂಬಿದ ಚರ್ಮವೈದ್ಯರು ಸಿಕ್ಕರೆ, ಅವರು ಪಾಂಡಿತ್ಯ ಬಿಟ್ಟು ಸೌಂದರ್ಯದ ಕಡೆ ಹೋದರೆಂದು ಹೇಳುವವರೊಡನೆ ಮಡಿಕೇರಿಯಲ್ಲೇ ಕೂತು ವಾದ ಮಾಡಲು ನಾನು ಸಿದ್ಧ.